ಮೊಸಳೆಯ ಬಾಯಲ್ಲಿ ಮಾಸ್ತರರ ನಗು

ಮೂರು ಮಕ್ಕಳು, ಒಂದು ಇಡೀ ದಿನ, ಖರ್ಚು ಸೊನ್ನೆ, ಗಲಾಟೆ ಸೊನ್ನೆ! ಹೀಗೆಂದು ನಾನು ಘೋಷಿಸಿದಾಗ ಅಕ್ಕ ಒಂದು ಕಾಲನ್ನು ಚಪ್ಪಲಿಗೆ ತೂರಿಸಿ, ಇನ್ನೊಂದನ್ನು ಗಾಳಿಯಲ್ಲೇ ನಿಲ್ಲಿಸಿ ನನ್ನನ್ನು ನೋಡಿದಳು.

"ಯಾರು? ನೀನಾ?"

"ಹೂಂ."

"ಮೊನ್ನೆ ಪಕ್ಕದ ಮನೆಯವರು ಟೈಮ್ ಎಷ್ಟಪ್ಪ ಅಂತ ಕೇಳಿದ್ದಕ್ಕೆ ಬಾಗಿಲ ಹಿಂದೆ ಬಚ್ಚಿಟ್ಟುಕೊಂಡವನು ನೀನೇ ತಾನೆ?"

"ಅವರು ದೊಡ್ಡವರು ಅಕ್ಕ. ಇವರು ಮಕ್ಕಳು."

"ದೊಡ್ಡವರು ಟೈಮ್ ಕೇಳಿ ಬಿಟ್ಟುಬಿಡ್ತಾರೆ ಕಣೋ. ಮಕ್ಕಳು ಬಿಡಲ್ಲ!"

ಅಕ್ಕನಿಗೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ. ಶಾಲೆಗೆ ರಜೆ ಬಂದರೂ ಅಂಚೆಗೆ ಬರುವುದಿಲ್ಲ. ನಾನಾದರೋ ಶಾಲೆ ಬಿಟ್ಟು ಎರಡು ವರ್ಷವಾಗಿತ್ತು. ರಜೆ ಎಂದರೇನು ಎಂಬುದನ್ನು ನನ್ನಷ್ಟು ಆಳವಾಗಿ ಅಧ್ಯಯನ ಮಾಡಿದವರು ಆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ!

ನಾನು ಬಾಯಿಮಾತಿನ ಶೂರನಲ್ಲ. ಒಂದು ವಾರದಿಂದ ತಯಾರಿ ನಡೆಸಿದ್ದೆ. ಮೊಟ್ಟೆಯ ಟ್ರೇ, ಚಪ್ಪಲಿಯ ರಟ್ಟಿನ ಪೆಟ್ಟಿಗೆ, ಖಾಲಿ ದಾರದುಂಡೆ, ಹಳೆಯ ಗುಂಡಿಗಳು, ಒಂದು ಮೊಳ ಎತ್ತರದ ಹಳೆಯ ಪತ್ರಿಕೆಗಳು, ಯಾರೋ ಗೇಟಿಗೆ ಬಳಿದು ಉಳಿಸಿದ್ದ ಹಸಿರು ಬಣ್ಣ, ಎಲ್ಲವನ್ನೂ ಒಟ್ಟುಮಾಡಿದ್ದೆ. ಮೈದಾಹಿಟ್ಟನ್ನು ನೀರಿನಲ್ಲಿ ಕುದಿಸಿ, ಒಂದು ಗಂಟೂ ಇಲ್ಲದಂತೆ ಸೋಸಿ ಅಂಟು ಮಾಡಿದ್ದೆ. ಕತ್ತರಿಯ ತುದಿ ಚುಚ್ಚುತ್ತದೆಯೋ ಇಲ್ಲವೋ ಎಂದು ನನ್ನ ಹತ್ತು ಬೆರಳಿನ ಮೇಲೂ ಪರೀಕ್ಷಿಸಿದ್ದೆ. ಚುಚ್ಚುತ್ತಿತ್ತು. ಬೇರೆ ಕತ್ತರಿ ತಂದಿದ್ದೆ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಹನ್ನೆರಡು ಆಟಗಳನ್ನು ನಿಮಿಷ ಸಮೇತ ಬರೆದು, ಒಂಬತ್ತು ನಿಯಮಗಳನ್ನು ಕೆಂಪು ಶಾಯಿಯಲ್ಲಿ ಹಾಕಿ, ಸ್ಕೇಲು ಹಿಡಿದು ಅಡಿಗೆರೆ ಎಳೆದಿದ್ದೆ. ಒಂದು ರಾಜ್ಯವನ್ನು ಆಳಲು ಇಷ್ಟು ತಯಾರಿ ಸಾಕು. ಮೂರು ಮಕ್ಕಳಿಗೆ ಸಾಲದು ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಆ ಮೂವರನ್ನು ನಿಮಗೆ ಪರಿಚಯಿಸಬೇಕು. ಅಕ್ಕನ ದೊಡ್ಡ ಮಗಳು ಲಾಯರಮ್ಮ. ವಯಸ್ಸು ಹತ್ತು. "ಊಟಕ್ಕೆ ಬಾ" ಎಂದರೆ "ಯಾವ ಕಾರಣಕ್ಕೆ?" ಎಂದು ಕೇಳುವವಳು. ಎರಡನೆಯವಳು ಸಾಸಿವೆ. ವಯಸ್ಸು ಆರು, ಗಾತ್ರ ಹೆಸರಿನಷ್ಟೇ, ಸಿಡಿಯುವುದು ಮಾತ್ರ ಮನೆ ತುಂಬ. ಅವಳ ಮುಂದಿನ ಎರಡು ಹಲ್ಲು ಬಿದ್ದು ತಿಂಗಳಾಗಿತ್ತು. ಅಂದಿನಿಂದ ನಗು ಬಂದರೆ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಮೂರನೆಯವನು ಮಹಡಿಯ ಮನೆಯವನು. ಅವನಪ್ಪ ಕಾರು ಓಡಿಸುವುದನ್ನು ಕಲಿಸುವವರು, ಆದ್ದರಿಂದ ಹುಡುಗನಿಗೆ ಎಲ್ಲರೂ ಬ್ರೇಕು ಎನ್ನುತ್ತಿದ್ದರು. ಹೆಸರು ಮಾತ್ರ ಬ್ರೇಕು, ಒಳಗಿದ್ದದ್ದೆಲ್ಲ ಆಕ್ಸಿಲರೇಟರು!

ಇನ್ನು ಮನೆಯಲ್ಲಿ ಉಳಿದವರು ನಮ್ಮ ಬಾವ. ಬಾವ ಹಲ್ಲಿನ ಡಾಕ್ಟರಲ್ಲ. ಡಾಕ್ಟರು ಕೀಳುತ್ತಾರೆ, ಬಾವ ಕಟ್ಟುತ್ತಾರೆ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಬಾವ ಮನೆಯ ಮುಂದಿನ ಕೋಣೆಯಲ್ಲಿ ಕೂತು ಮೇಣದ ಮೇಲೆ ಒಂದೊಂದೇ ಹಲ್ಲು ಜೋಡಿಸಿ ಸೆಟ್ಟು ತಯಾರಿಸುತ್ತಾರೆ. ಅವರ ಮೇಜಿನ ಮೇಲೆ ಸದಾ ಯಾರದ್ದಾದರೂ ನಗು ಇರುತ್ತದೆ. ಮುಖ ಮಾತ್ರ ಇರುವುದಿಲ್ಲ.

ಆ ದಿನ ಮೇಜಿನ ಮೇಲೆ ಇದ್ದದ್ದು ಸೀಟಿ ಮಾಸ್ತರರ ನಗು.

ಅಕ್ಕ ಹೊರಟ ಮೇಲೆ ಬಾವ ನನ್ನನ್ನು ಕರೆದು ಹೇಳಿದರು: "ನೋಡು, ಇವತ್ತು ಈ ಕೋಣೆಯೊಳಗೆ ಮಕ್ಕಳು ಬರಬಾರದು. ಮಾಸ್ತರು ಮೂರೂವರೆಗೆ ಬರ್ತಾರೆ. ನಾಲ್ಕೂವರೆಗೆ ಮೈದಾನದಲ್ಲಿ ಮಕ್ಕಳ ಓಟ ಇದೆ. ಓಟಕ್ಕೆ ಸೀಟಿ ಊದೋಕೆ ಅವರನ್ನೇ ಕರೆದಿದ್ದಾರೆ."

"ಅವರು ರಿಟೈರ್ ಆಗಿದ್ದಾರಲ್ಲ ಬಾವ?"

"ನಲವತ್ತು ವರ್ಷ ಡ್ರಿಲ್ ಮಾಡಿಸಿದವರು ಕಣಯ್ಯಾ. ಹಲ್ಲು ಹೋದ ಮೇಲೆ ಎರಡು ವರ್ಷದಿಂದ ಮೈದಾನದ ಕಡೆ ತಲೆ ಹಾಕಿಲ್ಲ. ಸೀಟಿ ಕಚ್ಚೋಕಾಗಲ್ಲ, ಊದಿದರೆ ಗಾಳಿ ನಾಲ್ಕು ದಿಕ್ಕಿಗೂ ಹೋಗುತ್ತೆ. ಬಾಯಿಗೆ ಕರ್ಚೀಫ್ ಅಡ್ಡ ಹಿಡಿಯದೆ ಮಾತೇ ಆಡಲ್ಲ. ಇವತ್ತು ಬರ್ತೀನಿ ಅಂತ ಒಪ್ಪಿಕೊಂಡುಬಿಟ್ಟಿದ್ದಾರೆ, ಪಾಪ! ಆರು ಸಲ ಕರೆಸಿ, ಸೀಟಿ ಕಚ್ಚಿಸಿ ಕಚ್ಚಿಸಿ ಅಳತೆ ಸರಿಮಾಡಿದ್ದೀನಿ. ಇದು ಬರೀ ಅಗಿಯೋ ಹಲ್ಲಲ್ಲ, ಊದೋ ಹಲ್ಲು!"

ನಾನು ಗಂಭೀರವಾಗಿ ತಲೆಯಾಡಿಸಿ, ನೋಟ್‌ಬುಕ್ಕಿಗೆ ಹತ್ತನೆಯ ನಿಯಮ ಸೇರಿಸಿದೆ: ಬಾವನ ಕೋಣೆಗೆ ಮಕ್ಕಳು ಹೋಗಬಾರದು. ದೇವರಾಣೆಗೂ ಮಕ್ಕಳು ಹೋಗಲಿಲ್ಲ! ಅದನ್ನು ಮುರಿದ ಮಹಾನುಭಾವ ಯಾರೆಂದು ಮುಂದೆ ಹೇಳುತ್ತೇನೆ.

ಒಂಬತ್ತು ಗಂಟೆಗೆ ಸರಿಯಾಗಿ ಕಾರ್ಯಕ್ರಮ ಶುರುವಾಯಿತು. ನನ್ನ ಲೆಕ್ಕದ ಪ್ರಕಾರ ಮೊದಲ ಹನ್ನೊಂದು ಆಟಗಳು ಮಧ್ಯಾಹ್ನ ಮೂರರವರೆಗೆ ಬರಬೇಕಿತ್ತು. ಗುಂಡಿ ಪೋಣಿಸಿ ಸರ ಮಾಡುವುದು, ಮೂವತ್ತೈದು ನಿಮಿಷ. ಬ್ರೇಕು ಎರಡು ಗುಂಡಿ ಪೋಣಿಸಿ "ಆಯ್ತು" ಎಂದ.

"ಇದು ಸರ ಅಲ್ಲಪ್ಪಾ."

"ಇರುವೆಗೆ ಮಾಮ."

ಕಾಗದದ ದೋಣಿ, ಇಪ್ಪತ್ತೈದು ನಿಮಿಷ. ಮೂರೇ ನಿಮಿಷದಲ್ಲಿ ಹದಿನಾಲ್ಕು ದೋಣಿ ತಯಾರಾಗಿ ಎಲ್ಲವೂ ಬಚ್ಚಲಿನಲ್ಲಿ ಮುಳುಗಿದವು. ಬೆರಳಚ್ಚಿನಿಂದ ಹೂ ಬಿಡಿಸುವುದು, ನಲವತ್ತು ನಿಮಿಷ. ಬೆರಳಚ್ಚು ಗೋಡೆಯ ಮೇಲೆ ಬಿದ್ದಿತು. "ಕಾಗದದ ಮೇಲೇ ಮಾಡಬೇಕು ಅಂತ ಎಲ್ಲಿ ಬರೆದಿದೆ? ತೋರಿಸು ಮಾಮ" ಎಂದಳು ಲಾಯರಮ್ಮ. ನೋಟ್‌ಬುಕ್ ತಿರುವಿಹಾಕಿದೆ. ಬರೆದಿರಲಿಲ್ಲ. ಬರೆದೆ. ಅಷ್ಟರಲ್ಲಿ ಮುಂದಿನ ಮೂರು ಆಟ ಮುಗಿದಿದ್ದವು.

ಹತ್ತು ಗಂಟೆ ಹೊಡೆಯುವುದರೊಳಗೆ ಹನ್ನೊಂದು ಆಟಗಳೂ ಸ್ವರ್ಗಸ್ಥವಾಗಿದ್ದವು! ನಾನು ಬೆವರುತ್ತಿದ್ದೆ. ಮಕ್ಕಳು ಈಗ ತಾನೇ ಮುಖ ತೊಳೆದು ಬಂದಂತೆ ತಾಜಾ ಆಗಿದ್ದರು.

"ಇನ್ನೇನಿದೆ ಮಾಮ?"

ಉಳಿದದ್ದು ಒಂದೇ, ಹನ್ನೆರಡನೆಯದು: ಮೊಸಳೆ.

ಆದರೆ ಈ ಮೊಸಳೆ ನನ್ನ ಮಾನ ಕಾಪಾಡಿತು. ಚಪ್ಪಲಿಯ ಪೆಟ್ಟಿಗೆ ಅದರ ಬಾಯಿಯಾಯಿತು, ಮುಚ್ಚಳವೇ ಮೇಲ್ದವಡೆ. ಮೊಟ್ಟೆಯ ಟ್ರೇ ಬೆನ್ನ ಮೇಲಿನ ಉಬ್ಬುಗಳಾಯಿತು. ದಾರದುಂಡೆಗಳು ಕಾಲಾದವು. ಪತ್ರಿಕೆಯ ಚೂರುಗಳನ್ನು ಅಂಟಿನಲ್ಲಿ ಅದ್ದಿ ಅದ್ದಿ ಒಂದರ ಮೇಲೊಂದು ಪದರ ಹಚ್ಚಿದೆವು. ಮೂವರು ಮಕ್ಕಳೂ ನಾಲಿಗೆಯ ತುದಿ ಹೊರಗೆ ಹಾಕಿಕೊಂಡು, ಮಾತಿಲ್ಲದೆ, ಜಗಳವಿಲ್ಲದೆ ಮೂರು ಗಂಟೆ ಕೂತರು. ಊಟವನ್ನೂ ಅಲ್ಲೇ ಮುಗಿಸಿದರು. ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಬಾವ ಎರಡು ಸಲ ಬಾಗಿಲಲ್ಲಿ ತಲೆ ಹಾಕಿ "ಎಲ್ಲರೂ ಬದುಕಿದ್ದೀರಾ?" ಎಂದು ವಿಚಾರಿಸಿದರು. ನಾನು ಹೆಮ್ಮೆಯಿಂದ ಉಬ್ಬಿ, ಮೊಸಳೆಗಿಂತ ದಪ್ಪಗಾದೆ.

ಹಸಿರು ಬಣ್ಣ ಬಳಿಯುವ ಹೊತ್ತಿಗೆ ಸಾಸಿವೆ ಬಿಕ್ಕಿದಳು.

"ಏನಾಯ್ತು ಪುಟ್ಟಾ?"

"ಮೊಸಳೆಗೆ ಹಲ್ಲೇ ಇಲ್ಲ. ಎಲ್ಲ ಮೊಸಳೆಗಳೂ ಇದನ್ನ ನೋಡಿ ನಗ್ತಾವೆ."

ಅವಳ ಅಂಗೈ ಬಾಯಿಯ ಮೇಲಿತ್ತು. ರಟ್ಟಿನ ಹಲ್ಲು ಕತ್ತರಿಸಿ ತೋರಿಸಿದೆ, "ಇದು ಬೇಲಿ" ಎಂದಳು. ಸೀಮೆಸುಣ್ಣ ಮುರಿದು ಇಟ್ಟೆ, "ಇದು ಸೀಮೆಸುಣ್ಣ" ಎಂದಳು. ಹಲ್ಲು ಕಟ್ಟುವವರ ಮಗಳನ್ನು ಹಲ್ಲಿನ ವಿಷಯದಲ್ಲಿ ಮೋಸ ಮಾಡಲು ಆಗುತ್ತದೆಯೇ? ನಾನು ಎದ್ದು ಬಾವನ ಕೋಣೆಗೆ ಹೋದೆ.

ಬಾವ ನನಗೆ ಬೆನ್ನು ಹಾಕಿ, ಉಜ್ಜುವ ಮೆಷಿನ್ನು ಗುಯ್ಯೆನಿಸುತ್ತ ಇನ್ಯಾರದ್ದೋ ದವಡೆಯನ್ನು ನುಣುಪು ಮಾಡುತ್ತಿದ್ದರು.

"ಬಾವ, ಬೇಡದ ಹಲ್ಲು ಇದೆಯಾ?"

"ಕಿಟಕಿ ಕಟ್ಟೆ ಮೇಲೆ ಎರಡು ಡಬ್ಬಿ ಇದೆ ನೋಡು. ಎಡಗಡೇದ್ರಲ್ಲಿ ಬಣ್ಣ ತಪ್ಪಿದ ಸೆಟ್ಟು ಇದೆ, ತಗೋ. ಬಲಗಡೇದು ಮಾಸ್ತರದ್ದು. ಮುಟ್ಟಬೇಡ."

"ಎಡಗಡೆಯದು ತಾನೆ?"

"ಎಡಗಡೇದು."

"ನಿಮ್ಮ ಎಡಗಡೆಯಾ, ನನ್ನ ಎಡಗಡೆಯಾ?"

"ಇಬ್ಬರೂ ಕಿಟಕಿ ಕಡೆ ಮುಖ ಮಾಡಿದರೆ ಇಬ್ಬರದ್ದೂ ಒಂದೇ ಎಡಗಡೆ ಕಣಯ್ಯಾ!"

ಬೇರೆ ಯಾರೇ ಆಗಿದ್ದರೂ ಎಡಗಡೆಯ ಡಬ್ಬಿ ಎತ್ತಿಕೊಂಡು ಬರುತ್ತಿದ್ದರು. ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಾನು ಎಚ್ಚರಿಕೆಯ ಮನುಷ್ಯ! ಕಿಟಕಿಯ ಕಟ್ಟೆಯ ತುಂಬ ಬಿಳಿ ಪುಡಿ ಬಿದ್ದಿತ್ತು. ಮಕ್ಕಳು ಮುಟ್ಟುವ ವಸ್ತುವನ್ನು ಧೂಳಿನಿಂದ ಎತ್ತಿಕೊಡುವುದೇ? ಎರಡೂ ಡಬ್ಬಿಗಳನ್ನು ಜೋಪಾನವಾಗಿ ಕೆಳಗಿಳಿಸಿದೆ. ಕಟ್ಟೆಯನ್ನು ಒಮ್ಮೆ ಒದ್ದೆ ಬಟ್ಟೆಯಲ್ಲಿ, ಇನ್ನೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿದೆ. ಎರಡನ್ನೂ ತಿರುಗಿ ಮೇಲಿಟ್ಟೆ, ನಡುವೆ ಸರಿಯಾಗಿ ನಾಲ್ಕು ಬೆರಳಿನ ಅಂತರ ಬಿಟ್ಟು. ಆಮೇಲೆ, ಬರೆಯದ ಕೈಯೇ ಎಡಗೈ ಎಂದು ಖಚಿತಪಡಿಸಿಕೊಂಡು, ಎಡಗಡೆಯ ಡಬ್ಬಿಯನ್ನು ಎತ್ತಿಕೊಂಡೆ.

ಒರೆಸುವ ಗಡಿಬಿಡಿಯಲ್ಲಿ ಎಡದ್ದು ಬಲಕ್ಕೂ ಬಲದ್ದು ಎಡಕ್ಕೂ ಹೋಗಿತ್ತು ಎಂಬುದು ಈಗ ನಿಮಗೂ ಗೊತ್ತು, ನನಗೂ ಗೊತ್ತು. ಆಗ ಆ ಎರಡು ಡಬ್ಬಿಗಳಿಗೆ ಮಾತ್ರ ಗೊತ್ತಿತ್ತು.

ಮುಚ್ಚಳ ತೆರೆದರೆ ಹಲ್ಲುಗಳು ಶುದ್ಧ ನೀರಿನಲ್ಲಿ ಮುಳುಗಿ ಥಳಥಳ ಹೊಳೆಯುತ್ತಿದ್ದವು. ನಾನು ಅನುಮಾನ ಪಟ್ಟೆನೇ? ಇಲ್ಲ. ಮೆಚ್ಚಿಕೊಂಡೆ! "ಬೇಡದ ಹಲ್ಲನ್ನೂ ನೀರಿನಲ್ಲಿ ನೆನೆಸಿಟ್ಟಿದ್ದಾರಲ್ಲ, ಎಂಥ ಶುಚಿ ನಮ್ಮ ಬಾವನದು!"

ಮೇಲಿನ ಸಾಲನ್ನು ಮುಚ್ಚಳಕ್ಕೆ, ಕೆಳಗಿನ ಸಾಲನ್ನು ಪೆಟ್ಟಿಗೆಗೆ ಅಂಟಿಸಿ, ಅಂಚಿನ ಸುತ್ತ ಏಳು ಪದರ ಕಾಗದ ಹಚ್ಚಿದೆ. ಮೂರು ಪದರ ಸಾಕಿತ್ತು. ಆದರೂ ಗಟ್ಟಿಯಾಗಿರಲಿ! ಮೊಸಳೆಗೆ ಜೀವ ಬಂತು. ಹಾಗೆ ನೋಡಿದರೆ ಅದು ಮೊಸಳೆಯ ಜೀವವಾಗಿರಲಿಲ್ಲ. ಯಾವುದೋ ಸಭೆಯಲ್ಲಿ ಹಾರ ಹಾಕಿಸಿಕೊಂಡ ಹಿರಿಯರಂತೆ ಅದು ಸಜ್ಜನಿಕೆಯಿಂದ ಮುಗುಳ್ನಗುತ್ತಿತ್ತು. ಸಾಸಿವೆ ಅದನ್ನು ಅಪ್ಪಿಕೊಂಡಳು. ನಾನು ನೋಟ್‌ಬುಕ್ಕಿನಲ್ಲಿ ಅಂಕ ಹಾಕಿದೆ: ಬಾಲ, ಉತ್ತಮ. ಹಲ್ಲು, ಅತ್ಯುತ್ತಮ.

ಇನ್ನು ಒಣಗಬೇಕಿತ್ತು. ನಿಯಮ ಏಳು: ಒಣಗಿಸುವ ವಸ್ತುವನ್ನು ಬಿಸಿಲು ಬೀಳುವ, ನಾಯಿಗೆ ಎಟುಕದ, ಗಾಳಿಗೆ ಹಾರದ ಜಾಗದಲ್ಲಿ ಇಡತಕ್ಕದ್ದು. ನಿಯಮವನ್ನು ಗಟ್ಟಿಯಾಗಿ ಓದಿ, ಮಕ್ಕಳನ್ನು ಮೊಸಳೆಯ ಸಮೇತ ಅಂಗಳಕ್ಕೆ ಕಳಿಸಿ, ಕೈಕಾಲು ತೊಳೆಯಲು ಹೋದೆ. ಬಂದು ನೋಡಿದರೆ ಮೂವರೂ ಮೆಟ್ಟಿಲ ಮೇಲೆ ಕೂತು ಗುಂಡಿಗಳನ್ನು ಎಣಿಸುತ್ತಿದ್ದರು. ಎಂಥ ಶಾಂತಿ! ನಾನೂ ಗೋಡೆಗೆ ಒರಗಿದೆ.

ಮೂರಕ್ಕೆ ಹತ್ತು ನಿಮಿಷವಿತ್ತು. ಒಳಗಿನಿಂದ ಬಾವನ ಧ್ವನಿ ಕೇಳಿತು. ಕೂಗಲ್ಲ, ಕೂಗಿಗಿಂತ ಭಯಂಕರವಾದ ಪಿಸುಮಾತು.

"ಲೋ. ಬಾ ಇಲ್ಲಿ."

ಅವರ ಕೈಯಲ್ಲಿ ಬಲಗಡೆಯ ಡಬ್ಬಿ ಇತ್ತು. ಒಳಗೆ ಹಳದಿ ಬಣ್ಣದ ಸೆಟ್ಟು ಒಣಗಿ ಕೂತಿತ್ತು.

"ಮಾಸ್ತರ ಹಲ್ಲೆಲ್ಲಿ?"

ನಾನು ಕಿಟಕಿ ನೋಡಿದೆ. ಡಬ್ಬಿ ನೋಡಿದೆ. ನನ್ನ ಎಡಗೈ ನೋಡಿದೆ. ಬಲಗೈ ನೋಡಿದೆ.

"ಬಾವ, ಕಟ್ಟೆ ಬಹಳ ಧೂಳಾಗಿತ್ತು..."

"ಹಲ್ಲೆಲ್ಲಿ ಅಂದೆ!"

"ಮೊಸಳೆಯ ಬಾಯಲ್ಲಿ."

ಬಾವ ಸ್ಟೂಲಿನ ಮೇಲೆ ಕೂತರು. ಮತ್ತೆ ಎದ್ದರು. "ಸರಿ. ಪರವಾಗಿಲ್ಲ. ಮೊಸಳೆ ಎಲ್ಲಿ?"

ಇಬ್ಬರೂ ಅಂಗಳಕ್ಕೆ ಓಡಿದೆವು. ಗೋಡೆಯ ಮೇಲಿಲ್ಲ, ತೊಟ್ಟಿಯ ಮೇಲಿಲ್ಲ, ಬಟ್ಟೆಯ ಹಗ್ಗದ ಮೇಲೂ ಇಲ್ಲ.

"ಸಾಸಿವೆ, ಮೊಸಳೆ ಎಲ್ಲಿಟ್ಟಿರಿ?"

"ಕಾರಿನ ಮೇಲೆ" ಎಂದಳು ಸಾಸಿವೆ.

"ಯಾವ ಕಾರು?"

"ನಮ್ಮಪ್ಪನ ಕಾರು!" ಎಂದ ಬ್ರೇಕು. "ತಗಡು ಕಾದಿತ್ತು. ಬೇಗ ಒಣಗುತ್ತೆ ಅಂತ ಮೇಲಿನ ಡ್ರೈವಿಂಗ್ ಸ್ಕೂಲ್ ಬೋರ್ಡಿಗೆ ರಿಬ್ಬನ್ ಹಾಕಿ ಕಟ್ಟಿದೆ. ಮೂರು ಗಂಟು!"

ಗೇಟಿನ ಹೊರಗೆ ಕಾರು ನಿಲ್ಲುವ ಜಾಗದಲ್ಲಿ ಒಂದು ಎಣ್ಣೆಯ ಕಲೆ ಮಾತ್ರ ಇತ್ತು.

"ಕಾರಿನ ಮೇಲೆ ಯಾರಾದರೂ ಇಡ್ತಾರೇನ್ರೋ!" ಎಂದೆ, ಅಳು ಬಂದವನಂತೆ.

ಲಾಯರಮ್ಮ ಎದ್ದು ನಿಂತಳು. "ಬಿಸಿಲು ಇತ್ತಾ? ಇತ್ತು. ನಾಯಿಗೆ ಎಟುಕುತ್ತಾ? ಇಲ್ಲ. ಗಾಳಿಗೆ ಹಾರುತ್ತಾ? ಮೂರು ಗಂಟಿದೆ. ಓಡಾಡದ ಜಾಗದಲ್ಲಿ ಇಡಬೇಕು ಅಂತ ನಿನ್ನ ನಿಯಮದಲ್ಲಿ ಎಲ್ಲಿದೆ ಮಾಮ?"

ಇರಲಿಲ್ಲ. ಬರೆಯಲು ಈಗ ಸಮಯವೂ ಇರಲಿಲ್ಲ.

"ಅಪ್ಪ ಈ ಹೊತ್ತಿಗೆ ಔಷಧಿ ಅಂಗಡಿ ಆಂಟಿಗೆ ಕಲಿಸ್ತಾರೆ" ಎಂದ ಬ್ರೇಕು. "ಪಾರ್ಕಿನ ಸುತ್ತ ಮೂರು ರೌಂಡು, ಆಮೇಲೆ ನೀರಿನ ಟ್ಯಾಂಕಿನ ಹಿಂದೆ ರಿವರ್ಸು!"

ಓಡಿದೆವು. ಮುಂದೆ ಬ್ರೇಕು, ಹಿಂದೆ ಲಾಯರಮ್ಮ, ಆಮೇಲೆ ಬಿಳಿ ಏಪ್ರನ್ ಹಾರಿಸುತ್ತ ಬಾವ, ಕೊನೆಯಲ್ಲಿ ಸಾಸಿವೆಯನ್ನು ಹೆಗಲ ಮೇಲೆ ಹೊತ್ತ ನಾನು. ಪಾರ್ಕಿನ ತಿರುವಿನಲ್ಲಿ ಕಾರು ಕಂಡಿತು. ಆಹಾ, ಎಂಥ ಮೆರವಣಿಗೆ! ಆಮೆ ಕಂಡರೆ ನಗುವಂಥ ವೇಗ. ಮೇಲೆ ಹಸಿರು ಮೊಸಳೆ, ದಾರಿಯ ಎರಡೂ ಕಡೆಯ ಜನರಿಗೆ ಮಾಸ್ತರರ ಹಲ್ಲು ಬಿಟ್ಟು ನಗುತ್ತ ಸಾಗುತ್ತಿತ್ತು. ಜನ ಕೈ ಬೀಸುತ್ತಿದ್ದರು. ಒಬ್ಬ ಅಜ್ಜ ನಿಂತು ನೋಡಿ, ಎಲ್ಲೋ ನೋಡಿದ ಮುಖ ಎಂಬಂತೆ ಕನ್ನಡಕ ಸರಿಮಾಡಿಕೊಂಡರು.

ನಡೆದುಕೊಂಡು ಹೋದರೂ ಹಿಡಿಯಬಹುದಾಗಿತ್ತು. ಆದರೆ ಔಷಧಿ ಅಂಗಡಿಯ ಆಂಟಿ ಕನ್ನಡಿಯಲ್ಲಿ ನಮ್ಮನ್ನು ನೋಡಿಬಿಟ್ಟರು. ಬಿಳಿ ಏಪ್ರನ್ ತೊಟ್ಟವರೊಬ್ಬರು ಕೈ ಬೀಸಿಕೊಂಡು ಓಡಿ ಬರುತ್ತಿದ್ದಾರೆ! ಯಾರಿಗೋ ಕಾರು ತಾಗಿಸಿಬಿಟ್ಟೆ, ಡಾಕ್ಟರೇ ಬಂದುಬಿಟ್ಟರು ಎಂದುಕೊಂಡರಂತೆ. ಗಾಬರಿಯಲ್ಲಿ ಕಾಲು ಒತ್ತಿತು. ಕಾರು ಒಮ್ಮೆ ನೆಗೆದು ಓಟ ಕಿತ್ತಿತು!

"ಕೂಗೋ! ನನಗೆ ಉಸಿರಿಲ್ಲ, ನೀನು ಕೂಗು!" ಎಂದರು ಬಾವ ಏದುತ್ತ.

ನಾನು ಕೂಗಬೇಕು! ಬೀದಿಯ ನಡುವೆ! ಅಷ್ಟು ಜನರ ಮುಂದೆ! ಬಾಯಿ ತೆರೆದೆ. ಗಾಳಿ ಬಂತು, ಧ್ವನಿ ಬರಲಿಲ್ಲ. ಕಾರು ದೂರವಾಗುತ್ತಿತ್ತು. ಎಲ್ಲೋ ಒಬ್ಬ ಮನುಷ್ಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸೀಟಿಯನ್ನು ಜೇಬಿಗೆ ಹಾಕಿಕೊಂಡು ಎರಡು ವರ್ಷದ ಮೇಲೆ ಮೈದಾನಕ್ಕೆ ಹೊರಟಿದ್ದಾನೆ ಎಂದು ನೆನಪಾಯಿತು. ಹೊಟ್ಟೆಯ ಅಡಿಯಿಂದ, ನಾನು ಅದುವರೆಗೆ ಬಳಸದೆ ಉಳಿಸಿಟ್ಟಿದ್ದ ಧ್ವನಿಯೆಲ್ಲ ಒಟ್ಟಿಗೆ ಹೊರಬಂತು:

"ಹಲ್ಲು ನಿಲ್ಲಿಸೀ!"

ಇಡೀ ಬೀದಿ ನಿಂತಿತು. ಎದುರಿಗೆ ಬರುತ್ತಿದ್ದ ಹೆಂಗಸೊಬ್ಬರು ಬಾಯಿ ಮುಚ್ಚಿಕೊಂಡರು. ಬ್ರೇಕು ಅದಕ್ಕೆ ದನಿಗೂಡಿಸಿದ: "ಆಂಟೀ, ಕ್ಲಚ್ಚು! ಬ್ರೇಕು! ಕ್ಲಚ್ಚು! ಬ್ರೇಕು!" ಆಂಟಿ ಎರಡನ್ನೂ ಒಟ್ಟಿಗೆ ಒತ್ತಿದರು. ಕಾರು ಗಕ್ಕೆಂದು ನಿಂತು, ಕೆಮ್ಮಿ, ಪ್ರಾಣ ಬಿಟ್ಟಿತು. ಮೊಸಳೆ ಮುಂದಕ್ಕೆ ಜಾರಿ, ರಿಬ್ಬನ್ನಿನಲ್ಲಿ ನೇತಾಡುತ್ತ, ಗಾಜಿನ ಮುಂದೆ ತಲೆಕೆಳಗಾಗಿ ನಕ್ಕಿತು. ಒಳಗೆ ಆಂಟಿ ಕಿರುಚಿದರು. ಬ್ರೇಕಿನ ಅಪ್ಪ ಮಾತ್ರ ಒಂದಿಷ್ಟೂ ಅಲುಗದೆ, "ಚೆನ್ನಾಗಿ ನಿಲ್ಲಿಸಿದ್ರಿ ಮೇಡಂ. ಎದುರಿಗೆ ಮೊಸಳೆ ಬಂದಾಗ ಹೀಗೇ ನಿಲ್ಲಿಸಬೇಕು" ಎಂದರು.

ಮನೆಗೆ ಬಂದಾಗ ಮೂರೂವರೆ. ಮೆಟ್ಟಿಲ ಮೇಲೆ ಸೀಟಿ ಮಾಸ್ತರರು ಕೂತಿದ್ದರು. ಬಿಳಿ ಪ್ಯಾಂಟು, ಬಿಳಿ ಬೂಟು, ಕತ್ತಿನಲ್ಲಿ ಸೀಟಿ, ಬಾಯಿಗೆ ಅಡ್ಡವಾಗಿ ಕರ್ಚೀಫು. ಬಾವ ನಡೆದದ್ದನ್ನೆಲ್ಲ ತಲೆ ತಗ್ಗಿಸಿಕೊಂಡೇ ಹೇಳಿದರು. ನಾನು ಕಂಬದ ಹಿಂದೆ ನಿಂತೆ. ಕಂಬ ಸಣ್ಣದು, ನಾನು ಕಾಣುತ್ತಿದ್ದೆ.

"ಎರಡು ನಿಮಿಷ ಮಾಸ್ತರೇ, ಈಗ ಬಿಡಿಸಿಬಿಡ್ತೀನಿ" ಎಂದು ಬಾವ ಮೇಣ ಕೊರೆಯುವ ಚಾಕು ತಂದರು. ಸಾಸಿವೆ ಮೊಸಳೆಯನ್ನು ಎದೆಗೆ ಅವಚಿಕೊಂಡು ಗೋಡೆಗೆ ಅಂಟಿದಳು.

"ಕೊಡಲ್ಲ! ಅದಕ್ಕೆ ಈಗ ತಾನೇ ಹಲ್ಲು ಬಂದಿದೆ!"

"ಕೊಡಮ್ಮ, ಹೊತ್ತಾಯ್ತು."

"ಕೊಡಲ್ಲ! ಕಿತ್ತರೆ ನೋವಾಗುತ್ತೆ, ಆಮೇಲೆ ಎಲ್ಲರೂ ನಗ್ತಾರೆ!"

ಬಾವ ಗದರಿದರು, ಲಾಯರಮ್ಮ ವಾದಿಸಿದಳು, ಬ್ರೇಕು ಬಾಲ ಹಿಡಿದು ಎಳೆದ. ಗಡಿಯಾರ ಯಾರಿಗೂ ಕಾಯದೆ ಓಡುತ್ತಿತ್ತು. ಆಗ ಮಾಸ್ತರರು ನಿಧಾನವಾಗಿ ಎದ್ದು ಬಂದು ಸಾಸಿವೆಯ ಮುಂದೆ ಮೊಣಕಾಲೂರಿ ಕೂತರು. ಕರ್ಚೀಫು ತೆಗೆದರು. ಬಾಯಿ ಅಗಲಿಸಿ ತೋರಿಸಿದರು. ಒಳಗೆ ಏನೂ ಇರಲಿಲ್ಲ.

ಸಾಸಿವೆ ಕಣ್ಣರಳಿಸಿ ನೋಡಿದಳು. ಅವಳ ಅಂಗೈ ತಾನಾಗಿ ಕೆಳಗಿಳಿಯಿತು. "ನಂದು ಎರಡೇ ಹೋಗಿರೋದು" ಎಂದಳು.

"ನಿಂದು ತಾನಾಗೇ ಬರುತ್ತೆ ಮರಿ. ನಂದು ನೀನು ಕೊಟ್ಟರೆ ಬರುತ್ತೆ."

"ನಿಮ್ಮನ್ನ ನೋಡಿ ನಗ್ತಾರಾ ತಾತ?"

"ನಗ್ತಾರೇನೋ ಅಂತ ಎರಡು ವರ್ಷದಿಂದ ಹೊರಗೇ ಹೋಗಿಲ್ಲ ನೋಡು."

ಸಾಸಿವೆ ಯೋಚಿಸಿದಳು. ಮೊಸಳೆಯ ಕಿವಿ ಇರಬಹುದಾದ ಜಾಗದಲ್ಲಿ ಏನೋ ಪಿಸುಗುಟ್ಟಿದಳು. ಉತ್ತರ ಕೇಳಿಸಿಕೊಂಡಳು. "ಕೊಡುತ್ತಂತೆ. ಆದರೆ ಅದನ್ನೂ ಓಟಕ್ಕೆ ಕರಕೊಂಡು ಹೋಗಬೇಕಂತೆ."

"ಮತ್ತೆ ಹಳದಿ ಸೆಟ್ಟು ಇವತ್ತೇ ಕೂರಿಸಬೇಕು" ಎಂದು ಲಾಯರಮ್ಮ ಷರತ್ತು ಸೇರಿಸಿದಳು.

ಶಸ್ತ್ರಚಿಕಿತ್ಸೆ ಶುರುವಾಯಿತು. ಬಾವ ಚಾಕು ಹಿಡಿದರು, ಲಾಯರಮ್ಮ ಟಾರ್ಚು ಹಿಡಿದಳು, ಬ್ರೇಕು ಕಾಲು ಹಿಡಿದ, ಸಾಸಿವೆ "ಏನೂ ಆಗಲ್ಲ, ಏನೂ ಆಗಲ್ಲ" ಎಂದು ಬಾಲ ಸವರಿದಳು. ಒಂದನೆಯ ಪದರ ಬಂತು. ಎರಡನೆಯದು ಬಂತು. ನಾಲ್ಕನೆಯದಕ್ಕೆ ಬಾವ ಬೆವರು ಒರೆಸಿಕೊಂಡರು.

"ಎಷ್ಟು ಪದರ ಹಚ್ಚಿದ್ದೀಯೋ?"

"ಏಳು" ಎಂದೆ ಕಂಬದ ಹಿಂದಿನಿಂದ.

"ನಾನು ಮನುಷ್ಯರ ಬಾಯಿಗೂ ಇಷ್ಟು ಗಟ್ಟಿಯಾಗಿ ಕೂರಿಸಲ್ಲವಲ್ಲಯ್ಯಾ!"

ನಾಲ್ಕಕ್ಕೆ ಐದು ನಿಮಿಷವಿರುವಾಗ ಎರಡೂ ಸಾಲುಗಳು ಬಿಡುಗಡೆಯಾದವು. ಬಾವ ಅವನ್ನು ತೊಳೆದರು, ಔಷಧಿಯ ನೀರಿನಲ್ಲಿ ಅದ್ದಿದರು, ಬ್ರಷ್ಷಿನಿಂದ ಉಜ್ಜಿದರು, ಮೆಷಿನ್ನಿಗೆ ಕೊಟ್ಟು ಹೊಳಪು ಬರಿಸಿದರು, ಮತ್ತೆ ತೊಳೆದರು. ಆದರೂ ಕೊಡುವಾಗ ಕೈ ಹಿಂಜರಿಯಿತು. "ಮಾಸ್ತರೇ, ಮೈದಾದ ಅಂಟು..."

"ನಲವತ್ತು ವರ್ಷ ಮೈದಾನದ ಮಣ್ಣು ತಿಂದಿದ್ದೀನಿ ಕಣಪ್ಪ. ಮೈದಾ ಯಾವ ಲೆಕ್ಕ?"

ಹಲ್ಲು ಕೂತಿತು. ಮಾಸ್ತರರ ಕೆನ್ನೆಗಳು ತುಂಬಿಕೊಂಡವು, ಮುಖ ಹತ್ತು ವರ್ಷ ಹಿಂದಕ್ಕೆ ಹೋಯಿತು. ಬೀದಿಗೆ ಬಂದು ಸೀಟಿ ಕಚ್ಚಿದರು, ಎದೆ ತುಂಬ ಉಸಿರೆಳೆದು ಊದಿದರು.

ಪುಸ್ಸ್!

ಮಾಸ್ತರರ ಕೈ ಮೆಲ್ಲಗೆ ಜೇಬಿನ ಕರ್ಚೀಫಿನ ಕಡೆಗೆ ಹೋಯಿತು.

"ಒಂದು ನಿಮಿಷ! ಬಾಯಿ ತೆಗೀರಿ!" ಎಂದು ಬಾವ ಚಿಮಟ ಹಿಡಿದು ಧಾವಿಸಿದರು. ಮೇಲಿನ ಎರಡು ಹಲ್ಲುಗಳ ಸಂದಿಯಿಂದ ಒಂದು ಅಂಗುಲ ಪತ್ರಿಕೆಯ ಚೂರು ಹೊರಬಂತು. ಅದರಲ್ಲಿ ನಾಳಿನ ಹವಾಮಾನದ ಅರ್ಧ ಸಾಲಿತ್ತು.

ಮಾಸ್ತರರು ಇನ್ನೊಮ್ಮೆ ಊದಿದರು.

ಅಬ್ಬಾ, ಅದನ್ನು ಸದ್ದು ಎನ್ನಲೇ! ಬೀದಿಯ ನಾಯಿಗಳು ಕೂತಲ್ಲಿಂದ ಎದ್ದವು. ಸೈಕಲ್ ಸವಾರನೊಬ್ಬ ಇಳಿದು ನಿಂತ. ಮೂರು ಮಕ್ಕಳೂ ಎತ್ತರದ ಪ್ರಕಾರ ಸಾಲಾಗಿ ನಿಂತರು. ಶಾಲೆ ಬಿಟ್ಟು ಎರಡು ವರ್ಷವಾದ ನನ್ನ ಎರಡೂ ಹಿಮ್ಮಡಿ ತಾವಾಗಿ ಜೋಡಿಕೊಂಡು, ಕೈಗಳು ತೊಡೆಗೆ ಅಂಟಿದವು. ಅದಕ್ಕಿಂತ ಹೆಚ್ಚಾಗಿ, ಮಾಸ್ತರರು ನಕ್ಕರು. ಬಾಯಿ ತುಂಬ, ಮುಚ್ಚಿಕೊಳ್ಳದೆ! ಅದನ್ನು ನೋಡಿ ಸಾಸಿವೆಯೂ ನಕ್ಕಳು, ಎರಡು ಹಲ್ಲಿನ ಖಾಲಿ ಕಿಟಕಿಯನ್ನು ಲೋಕಕ್ಕೆಲ್ಲ ತೆರೆದು.

ನಾಲ್ಕೂವರೆಗೆ ಮೈದಾನದಲ್ಲಿ ನಲವತ್ತು ಮಕ್ಕಳು ಗೆರೆಯ ಮೇಲೆ ನಿಂತಿದ್ದರು. ಬೋಳು ದವಡೆಯ ಮೊಸಳೆ ಸಾಸಿವೆಯ ತೊಡೆಯ ಮೇಲೆ ಕೂತು ನೋಡಿತು. ಸೀಟಿ ಮೊಳಗಿತು, ಮಕ್ಕಳು ಬಾಣದಂತೆ ಹಾರಿದರು. ನಮ್ಮ ಬ್ರೇಕು ಮೊದಲು ಬಂದು, ನಿಲ್ಲಲಾಗದೆ ಬೇಲಿಯವರೆಗೂ ಹೋದ. ಮಾಸ್ತರರು ಹೋಗುವಾಗ ನನ್ನ ಬೆನ್ನು ತಟ್ಟಿ, "ಏನೇ ಹೇಳು, ಮೊಸಳೆಗೆ ನನಗಿಂತ ಚೆನ್ನಾಗಿ ಒಪ್ಪಿತ್ತಂತಲ್ಲ!" ಎಂದರು. ನಾನು ನಾಚಿಕೊಂಡೆ, ಆದರೆ ಬಚ್ಚಿಟ್ಟುಕೊಳ್ಳಲು ಮೈದಾನದಲ್ಲಿ ಬಾಗಿಲೇ ಇರಲಿಲ್ಲ.

ಸಂಜೆ ಅಕ್ಕ ಬಂದವಳು ಮೊದಲು ಗೋಡೆಯ ಮೇಲಿನ ಬೆರಳಚ್ಚು ನೋಡಿದಳು. ಆಮೇಲೆ ಹಸಿರು ನೆಲ ನೋಡಿದಳು. ಆಮೇಲೆ ಮೂಲೆಯಲ್ಲಿ ಮೊಸಳೆಯ ಬಾಯಿಗೆ ಹಳದಿ ಹಲ್ಲು ಕೂರಿಸುತ್ತಿದ್ದ ಗಂಡನನ್ನು ನೋಡಿದಳು.

"ಏನ್ರೀ ಇದು?"

"ಪೇಷೆಂಟು" ಎಂದರು ಬಾವ, ತಲೆಯೆತ್ತದೆ.

ಅಕ್ಕ ಏನನ್ನೂ ಕೇಳುವ ಮೊದಲೇ ಮಕ್ಕಳು ಮೂವರೂ ಒಟ್ಟಿಗೆ ಹೇಳತೊಡಗಿದರು. ಕಾರು, ಕಿರುಚು, ಚಾಕು, ಸೀಟಿ, ಎಲ್ಲವೂ ಒಂದರ ಮೇಲೊಂದು ಬಿದ್ದವು. ಅವಳು ಸೊಂಟಕ್ಕೆ ಕೈಯಿಟ್ಟು ಕೇಳಿದಳು, ನಗಬಾರದೆಂದು ತುಟಿ ಕಚ್ಚಿಕೊಂಡಳು, ಕೊನೆಗೆ ಗೋಡೆ ಹಿಡಿದುಕೊಂಡು ನಕ್ಕಳು.

ಇದೇ ಸಮಯ ಎಂದು ನಾನು ಮುಂದೆ ಬಂದೆ. "ಅದೆಲ್ಲ ಇರಲಿ ಅಕ್ಕ. ಖರ್ಚೇ ಇಲ್ಲದೆ ಹನ್ನೆರಡು ಆಟ ಆಡಿಸಿದ್ದೀನಿ. ಯಾವುದು ಎಲ್ಲಕ್ಕಿಂತ ಚೆನ್ನಾಗಿತ್ತು ಅಂತ ಮಕ್ಕಳನ್ನೇ ಕೇಳು. ಹೇಳಿ ಮಕ್ಕಳೇ, ದೋಣಿಯಾ, ಸರಾನಾ, ಮೊಸಳೆಯಾ?"

ಮೂವರೂ ಮುಖ ಮುಖ ನೋಡಿಕೊಂಡರು.

"ಹಲ್ಲು ಹುಡುಕಿದ್ದು!" ಎಂದರು ಒಂದೇ ಕೊರಳಲ್ಲಿ.

ಸಾಸಿವೆ ನನ್ನ ಅಂಗಿಯ ತುದಿ ಜಗ್ಗಿ, ಕಣ್ಣಲ್ಲಿ ದೀಪ ಹಚ್ಚಿಕೊಂಡು ಕೇಳಿದಳು: "ಮಾಮ, ಮಾಮ, ನಾಳೆ ಏನು ಕಳೀತೀಯ?"

ನಾನು ನೋಟ್‌ಬುಕ್ಕಿಗೆ ಕೈ ಹಾಕಿದೆ. ಉತ್ತರ ಅಕ್ಕನಿಗೆ ಹೊಳೆಯಿತು.

"ನಾಳೆವರೆಗೂ ಯಾಕೆ ಕಾಯ್ತೀರಾ? ಅವನ ಬುದ್ಧಿ ಕಳೆದು ಬಹಳ ದಿನ ಆಯ್ತು. ಹೋಗಿ, ಈಗಲೇ ಹುಡುಕಿ."

ಮೂವರೂ ಹೋ ಎಂದು ಮಂಚದ ಕೆಳಗೆ ನುಗ್ಗಿದರು.